ಸೆಕೆಂಡ್ ಹ್ಯಾಂಡ್ ಕಾರು ಮತ್ತು ರೋಡ್ ಟ್ಯಾಕ್ಸ್: ಅಡ್ವಾನ್ಸ್ ಕೊಡುವ ಮುಂಚೆ ಮಾಡಬೇಕಾದ ಲೆಕ್ಕ

2022ರ ಮಾರ್ಚ್‌ನಲ್ಲಿ ನನ್ನ ತಮ್ಮ ಕೊಲ್ಹಾಪುರದಿಂದ ಒಂದು ಕಾರು ತಂದ. ಎಂಎಚ್ 09 ಬೋರ್ಡು. ಬಿಳಿ ಬಣ್ಣ, ಒಬ್ಬರೇ ಓಡಿಸಿದ ಗಾಡಿ, ಹಿಂದಿನ ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ಇನ್ನೂ ಹಾಗೇ ಇತ್ತು. 3 ಲಕ್ಷ 60 ಸಾವಿರಕ್ಕೆ ಮಾತು ಮುಗಿದಿತ್ತು. ಧಾರವಾಡದಲ್ಲಿ ಅಂಥದೇ ಕಾರಿಗೆ ನಾಲ್ಕು, ನಾಲ್ಕೂಕಾಲು ಲಕ್ಷ ಹೇಳುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಖುಷಿ. ಅವ್ವ ನಾಲ್ಕೂ ಗಾಲಿಗೆ ಲಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆಸಿದಳು.

ಟ್ಯಾಕ್ಸ್ ವಿಷಯ ತಮ್ಮ ಕೇಳಿರಲಿಲ್ಲ ಅಂತಲ್ಲ. ಕೇಳಿದ್ದ. ನಡುವೆ ನಿಂತು ವ್ಯಾಪಾರ ಮಾಡಿಸಿದವರು "ಲೈಫ್‌ಟೈಮ್ ಕಟ್ಟಿದೆ, ಎಲ್ಲ ಕ್ಲಿಯರ್" ಅಂದಿದ್ದರು. ಅದು ಸುಳ್ಳೂ ಅಲ್ಲ. ಮಹಾರಾಷ್ಟ್ರಕ್ಕೆ ಕಟ್ಟಬೇಕಾದ್ದನ್ನು ಪೂರ್ತಿ ಕಟ್ಟಿತ್ತು. ಕರ್ನಾಟಕಕ್ಕೆ ಒಂದು ರೂಪಾಯಿಯೂ ಕಟ್ಟಿರಲಿಲ್ಲ. ಹೆಸರು ಬದಲಾಯಿಸಲು ಹೋದಾಗ ಬಂದ ತೆರಿಗೆ 77,203 ರೂಪಾಯಿ. ನಾಲ್ಕೂಕಾಲು ಲಕ್ಷಕ್ಕೆ ಊರಲ್ಲೇ ಸಿಗುತ್ತಿದ್ದ ಕಾರು, ಕೊನೆಗೆ ಅದಕ್ಕಿಂತ ದುಬಾರಿಯಾಗಿ ಮನೆ ಸೇರಿತು.

ಆ ಮೇಲೆ ನೆಂಟರು, ಗೆಳೆಯರು ಯಾರು ಹಳೆ ಕಾರು ನೋಡಲು ಹೊರಟರೂ ನನ್ನನ್ನು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಇಂಜಿನ್, ಟೈರು, ಆಕ್ಸಿಡೆಂಟ್ ಹಿಸ್ಟರಿ ನೋಡಲು ಮೆಕ್ಯಾನಿಕ್ ಇದ್ದಾರೆ. ಟ್ಯಾಕ್ಸ್ ಮಾತ್ರ ನೀವೇ ನೋಡಬೇಕು. ಅದಕ್ಕೆ ಬೇಕಾಗುವುದು ಒಂದು ಆರ್‌ಸಿ, ಒಂದು ಮೊಬೈಲು, ಅರ್ಧ ಗಂಟೆ.

ಮೂಲ ವಿಷಯ: ತೆರಿಗೆ ಗಾಡಿಯ ಜೊತೆ ಇರುತ್ತದೆ, ಆದರೆ ರಾಜ್ಯ ದಾಟುವುದಿಲ್ಲ

ಮೋಟಾರು ವಾಹನದ ತೆರಿಗೆ ರಾಜ್ಯ ಸರ್ಕಾರಕ್ಕೆ ಸೇರಿದ್ದು. ನಮ್ಮಲ್ಲಿ ಇದಕ್ಕೆ 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆ ಇದೆ. ಸ್ವಂತ ಬಳಕೆಯ ಕಾರಿಗೆ ಮೊದಲ ಸಲ ನೋಂದಣಿ ಮಾಡಿಸುವಾಗಲೇ ಜೀವಾವಧಿ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಆರ್‌ಟಿಒದಲ್ಲಿ ಇದನ್ನೇ ಎಲ್‌ಟಿಟಿ ಎನ್ನುವುದು.

ಈ ತೆರಿಗೆ ಕಟ್ಟಿದ್ದು ಆ ಕಾರಿಗೆ, ಆ ಮಾಲೀಕರಿಗಲ್ಲ. ಹಾಗಾಗಿ ಕಲಬುರಗಿಯವರ ಕಾರನ್ನು ನೀವು ಮೈಸೂರಿನಲ್ಲಿ ಕೊಂಡರೆ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕಿಲ್ಲ. ಎರಡನೇ ಮಾಲೀಕರಾದರೂ ಅಷ್ಟೇ, ನಾಲ್ಕನೆಯವರಾದರೂ ಅಷ್ಟೇ. ಆದರೆ ಹೊಸೂರಿನ ಟಿಎನ್ 70 ಕಾರು ಅತ್ತಿಬೆಲೆ ದಾಟಿ ಬಂದರೆ, ಕಾಸರಗೋಡಿನ ಕೆಎಲ್ 14 ಮಂಗಳೂರಿಗೆ ಬಂದರೆ, ಅಲ್ಲಿ ಕಟ್ಟಿದ ತೆರಿಗೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಲವತ್ತು ಐವತ್ತು ಕಿಲೋಮೀಟರ್ ದೂರದ ಊರು, ನಡುವೆ ಗಡಿ. ಈ ಗಡಿಭಾಗದ ಊರುಗಳಲ್ಲೇ ಜನ ಜಾಸ್ತಿ ಎಡವುವುದು.

ಹೆಜ್ಜೆ 1: ಬಾನೆಟ್ ತೆಗೆಯುವ ಮುಂಚೆ ನಂಬರ್ ಪ್ಲೇಟ್ ನೋಡಿ

ಕಾರಿನ ಜಾಹೀರಾತು ನೋಡಿದ ಕೂಡಲೇ ಬೋರ್ಡು ಯಾವುದು ಅಂತ ಕೇಳಿ. ಕೆಎ ಬಿಳಿ ಬೋರ್ಡು ಆದರೆ ಟ್ಯಾಕ್ಸ್ ಮಟ್ಟಿಗೆ ಬಹುಪಾಲು ನಿರಾಳ. ಬೇರೆ ರಾಜ್ಯದ ಬೋರ್ಡು ಆದರೆ ಹೇಳಿದ ಬೆಲೆಗೆ ಕರ್ನಾಟಕದ ಟ್ಯಾಕ್ಸ್ ಕೂಡಿಸಿದ ಮೇಲೆಯೇ ಅದು ನಿಜವಾದ ಬೆಲೆ. ಬಿಎಚ್ ಸರಣಿ (ರಾಜ್ಯ ಬದಲಾದರೂ ಬದಲಾಗದ ಭಾರತ್ ನಂಬರ್) ಆದರೆ ಲೆಕ್ಕವೇ ಬೇರೆ. ಹಳದಿ ಬೋರ್ಡು ಆದರೆ ಇನ್ನೂ ಒಂದು ಸುತ್ತು ಜಾಸ್ತಿ. ಒಂದೊಂದಾಗಿ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಆರ್‌ಸಿ ಮತ್ತು ಬಿ ಎಕ್ಸ್‌ಟ್ರ್ಯಾಕ್ಟ್

ಮಾರುವವರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಆರ್‌ಸಿ ಫೋಟೊ ನೋಡಿ ತೃಪ್ತಿಪಡಬೇಡಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ಆರ್‌ಸಿ ಸ್ಟೇಟಸ್ ಆ್ಯಕ್ಟಿವ್ ಇರಬೇಕು. ಟ್ಯಾಕ್ಸ್ ಇರುವ ಸಾಲಿನಲ್ಲಿ ಎಲ್‌ಟಿಟಿ ಅಂತಲೋ ಒನ್ ಟೈಮ್ ಅಂತಲೋ ಇದ್ದರೆ ಜೀವಾವಧಿ ತೆರಿಗೆ ಕಟ್ಟಿದೆ ಎಂದರ್ಥ. ಅಲ್ಲಿ ಒಂದು ದಿನಾಂಕ ಇದ್ದರೆ, ತೆರಿಗೆ ಆ ದಿನದವರೆಗೆ ಮಾತ್ರ ಕಟ್ಟಿದೆ ಅಂತ. ಅದು ಮುಗಿದ ದಿನಾಂಕವಾಗಿದ್ದರೆ ಬಾಕಿ ಇದೆ. ಬಾಕಿ ಇರುವ ಗಾಡಿಯನ್ನು ಬಾಕಿ ತೀರಿಸಿಯೇ ನಿಮ್ಮ ಹೆಸರಿಗೆ ಮಾಡಿಸಬೇಕು. ಆ ದುಡ್ಡು ಯಾರ ಜೇಬಿನಿಂದ ಹೋಗಬೇಕು ಅನ್ನುವುದು ಆಮೇಲೆ ಜಗಳ.

ತೆರಿಗೆ ಜಾಗದಲ್ಲಿ ವಿನಾಯಿತಿ ಅಂತ ಇದ್ದರೆ ನಿಲ್ಲಿ. ಅಂಗವಿಕಲರ ಬಳಕೆಗೆಂದು ಮಾರ್ಪಡಿಸಿದ ಗಾಡಿಗೆ ಸಿಕ್ಕ ವಿನಾಯಿತಿ ನಿಮಗೆ ಬರುವುದಿಲ್ಲ. ಕೊಂಡ ಮೇಲೆ ತೆರಿಗೆ ನಿಮ್ಮ ತಲೆ ಮೇಲೆ.

ಇನ್ನೊಂದು ಕಾಗದ ಕೇಳಿ: ಬಿ ಎಕ್ಸ್‌ಟ್ರ್ಯಾಕ್ಟ್. ಆರ್‌ಟಿಒದಲ್ಲಿರುವ ಬಿ ರಿಜಿಸ್ಟರ್‌ನ ನಕಲು ಅದು. ಗಾಡಿ ಮೊದಲು ಯಾವಾಗ ನೋಂದಣಿ ಆಯಿತು, ಎಷ್ಟು ಜನರ ಕೈ ದಾಟಿದೆ, ಸಾಲ ಇತ್ತಾ, ತೆರಿಗೆ ಯಾವಾಗ ಎಷ್ಟು ಕಟ್ಟಿದ್ದಾರೆ ಎಲ್ಲ ಅದರಲ್ಲಿ ಸಿಗುತ್ತದೆ. ಹತ್ತು ವರ್ಷಕ್ಕಿಂತ ಹಳೆಯ ಕಾರಿಗೆ ನಾನು ಇದನ್ನು ನೋಡದೆ ಯಾರಿಗೂ ಹೂಂ ಅನ್ನುವುದಿಲ್ಲ. ಹಿಂದೆ ಬೇರೆ ರಾಜ್ಯದಲ್ಲಿದ್ದು, ಆಮೇಲೆ ಕೆಎ ನಂಬರ್ ತೆಗೆದುಕೊಂಡ ಗಾಡಿ ಕೂಡ ಇದರಲ್ಲಿ ಗೊತ್ತಾಗುತ್ತದೆ.

ಜೊತೆಗೇ ಇ-ಚಲನ್ ವೆಬ್‌ಸೈಟ್‌ನಲ್ಲಿ ದಂಡ ಬಾಕಿ ನೋಡಿ. ಅದು ತೆರಿಗೆಯಲ್ಲ, ನಿಜ. ಆದರೆ ದಂಡ ಬಾಕಿ ಇದ್ದರೆ ಹೆಸರು ಬದಲಾವಣೆಯೂ ನಿಲ್ಲಬಹುದು, ಎನ್‌ಒಸಿಯೂ (ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಹಳೆಯ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ನಿಲ್ಲಬಹುದು. ಬೆಂಗಳೂರಿನ ಕಾರುಗಳ ಮೇಲೆ ಹತ್ತಾರು ಸಿಗ್ನಲ್ ಜಂಪ್ ದಂಡ ಇರುವುದು ಏನೂ ಅಪರೂಪವಲ್ಲ.

ಹೆಜ್ಜೆ 3: ಕೆಎ ಕಾರು ಆದರೆ

ಇದು ಸುಲಭ. ಜೀವಾವಧಿ ತೆರಿಗೆ ಕಟ್ಟಿದ ಕಾರಿಗೆ ಹೆಸರು ಬದಲಾವಣೆಯ ಶುಲ್ಕ ಮಾತ್ರ. ಕಾರಿಗೆ ಕೇಂದ್ರದ ನಿಯಮದ ಪ್ರಕಾರ ಅದು 300 ರೂಪಾಯಿ. ಕಾರ್ಡು, ಸೇವಾ ಶುಲ್ಕ ಅಂತ ಇನ್ನೊಂದಿಷ್ಟು ಸೇರುತ್ತದೆ. ಸಾಲ ಮಾಡಿ ಕೊಂಡರೆ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಸೇರಿಸಲು 1,500 ರೂಪಾಯಿ.

ಫಾರಂ 29 ಮತ್ತು ಫಾರಂ 30 ಬೇಕು. 29ರಲ್ಲಿ ಮಾರುವವರು ಗಾಡಿ ಮಾರಿದೆ ಅಂತ ತಿಳಿಸುತ್ತಾರೆ, 30ರಲ್ಲಿ ಇಬ್ಬರ ಸಹಿಯೂ ಇರುತ್ತದೆ. ಕಾನೂನಿನ ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಈಗ ಪರಿವಾಹನ್ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಬಹುದು. ಇಬ್ಬರ ಆಧಾರ್‌ಗೂ ಮೊಬೈಲ್ ನಂಬರ್ ಜೋಡಣೆ ಆಗಿರಬೇಕು, ಏಕೆಂದರೆ ಒಟಿಪಿ ಇಬ್ಬರಿಗೂ ಬರುತ್ತದೆ. ಮಾರುವವರು ಊರು ಬಿಟ್ಟು ಹೋಗುವವರಾಗಿದ್ದರೆ ದುಡ್ಡು ಕೈ ಬದಲಾಗುವ ದಿನವೇ, ಅವರ ಎದುರಿಗೇ ಕೂತು ಅರ್ಜಿ ಮುಗಿಸಿ. ಆಮೇಲೆ ಒಟಿಪಿಗಾಗಿ ಫೋನ್ ಮಾಡಿ ಕಾಯುವ ಪಾಡು ಬೇಡ.

ಕೆಎ ಕಾರಿನಲ್ಲೂ ಒಂದು ಖರ್ಚು ಅಡಗಿರುತ್ತದೆ: 15 ವರ್ಷ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ವರೆಗೆ ಕಾರಿನ ನವೀಕರಣ ಶುಲ್ಕ 600 ರೂಪಾಯಿ ಇತ್ತು, ಅಂದಿನಿಂದ 5,000 ಆಯಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ಇದರ ಮೇಲೆ ಕರ್ನಾಟಕದ ಹಸಿರು ತೆರಿಗೆ, ಕಾರಿಗೆ 500 ರೂಪಾಯಿ. ಜೀವಾವಧಿ ತೆರಿಗೆ ಮಾತ್ರ ಮತ್ತೆ ಕಟ್ಟಬೇಕಿಲ್ಲ, ಹೆಸರಿಗೆ ತಕ್ಕ ಹಾಗೆ ಅದು ಜೀವಾವಧಿಯೇ.

ಹಾಗಾಗಿ 2011ರ ಕಾರನ್ನು ಈಗ ನೋಡುತ್ತಿದ್ದರೆ ಆರ್‌ಸಿಯಲ್ಲಿ ನೋಂದಣಿ ಎಲ್ಲಿಯವರೆಗೆ ಅನ್ನುವ ಸಾಲನ್ನು ಬೆರಳಿಟ್ಟು ಓದಿ. ಅವಧಿ ಮುಗಿದು ತಿಂಗಳುಗಳಾಗಿದ್ದರೆ ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಸೇರುತ್ತದೆ. ಎರಡು ವರ್ಷ ಶೆಡ್‌ನಲ್ಲಿ ನಿಂತಿದ್ದ ಕಾರಿಗೆ ಬರೀ ತಡದ ಶುಲ್ಕವೇ 12,000 ಆಗುತ್ತದೆ. ಮೇಲಾಗಿ ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು. ನವೀಕರಣ ಮಾರುವವರೇ ಮಾಡಿಸಿ ಕೊಡಲಿ ಅನ್ನುವುದು ನನ್ನ ಸಲಹೆ.

ಹೆಜ್ಜೆ 4: ಬೇರೆ ರಾಜ್ಯದ ಕಾರು ಆದರೆ, ಪೆನ್ನು ತೆಗೆದುಕೊಳ್ಳಿ

ಇಲ್ಲಿ ನಿಧಾನವಾಗಿ ಓದಿ. ದುಡ್ಡು ಹೋಗುವುದು ಇಲ್ಲೇ.

ಮೊದಲನೆಯದಾಗಿ, ತೆರಿಗೆ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ. ಕಾರು ಹೊಸದಾಗಿ ಶೋರೂಮಿನಿಂದ ಬಂದಾಗ ಇದ್ದ ಬೆಲೆಯ ಮೇಲೆ. ನೀವು ಎಷ್ಟೇ ಚೌಕಾಸಿ ಮಾಡಿ ಇಳಿಸಿದರೂ ಟ್ಯಾಕ್ಸ್ ಒಂದು ರೂಪಾಯಿ ಇಳಿಯುವುದಿಲ್ಲ. ಅದಕ್ಕೇ ಹಳೆಯ ಇನ್‌ವಾಯ್ಸ್ ಕೇಳಿ ಪಡೆಯಿರಿ. ಸಿಗದಿದ್ದರೂ ಆರ್‌ಟಿಒದ ಕಂಪ್ಯೂಟರಿನ ವಾಹನ್ ದಾಖಲೆಯಲ್ಲಿ ಮಾರಾಟದ ಮೊತ್ತ ಇರುತ್ತದೆ.

ಆ ಬೆಲೆಗೆ ಕರ್ನಾಟಕದ ಜೀವಾವಧಿ ತೆರಿಗೆ ದರ ಹೀಗಿದೆ: 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, 20 ಲಕ್ಷ ದಾಟಿದರೆ ಶೇ 18. ಪೆಟ್ರೋಲ್, ಡೀಸೆಲ್ ಎರಡಕ್ಕೂ ಇದೇ. ಆದಾಯ ತೆರಿಗೆಯ ಹಾಗೆ ಹಂತ ಹಂತವಾಗಿ ಅಲ್ಲ, ಪೂರ್ತಿ ಬೆಲೆಗೆ ಒಂದೇ ದರ. 9,95,000ದ ಕಾರಿಗೆ 1,39,300 ಆದರೆ 10,05,000ದ ಕಾರಿಗೆ 1,70,850. ಬೆಲೆಯಲ್ಲಿ ಹತ್ತು ಸಾವಿರ ವ್ಯತ್ಯಾಸ, ತೆರಿಗೆಯಲ್ಲಿ ಮೂವತ್ತೊಂದು ಸಾವಿರ. ಒಂದೇ ಕಾರಿನ ಎರಡು ಮಾದರಿ ನೋಡುತ್ತಿದ್ದರೆ ಇದು ನೆನಪಿರಲಿ.

ಇದು ಹೊಸ ಕಾರಿನ ತೆರಿಗೆ. ಹಳೆಯ ಕಾರಿಗೆ ವಯಸ್ಸು ನೋಡಿ ಇದರಲ್ಲಿ ಒಂದು ಪಾಲು ಮಾತ್ರ ತೆಗೆದುಕೊಳ್ಳುತ್ತಾರೆ. ಮೊದಲ ನೋಂದಣಿಯಿಂದ 2 ವರ್ಷದೊಳಗಿದ್ದರೆ ಶೇ 93. 2ರಿಂದ 3 ವರ್ಷಕ್ಕೆ ಶೇ 87, 3ರಿಂದ 4ಕ್ಕೆ ಶೇ 81, 4ರಿಂದ 5ಕ್ಕೆ ಶೇ 75, 5ರಿಂದ 6ಕ್ಕೆ ಶೇ 69, 6ರಿಂದ 7ಕ್ಕೆ ಶೇ 64, 7ರಿಂದ 8ಕ್ಕೆ ಶೇ 59. ಹೀಗೇ ಇಳಿಯುತ್ತ 15 ವರ್ಷ ದಾಟಿದ ಕಾರಿಗೆ ಶೇ 25. ಬಂದ ಮೊತ್ತದ ಮೇಲೆ ಶೇ 11 ಸೆಸ್.

ತಮ್ಮನ ಕಾರಿನ ಲೆಕ್ಕವನ್ನೇ ಹಾಕಿ ತೋರಿಸುತ್ತೇನೆ. 2016ರ ಜೂನ್‌ನಲ್ಲಿ ನೋಂದಣಿ, ಆಗಿನ ಬೆಲೆ 7,20,000. ಅದರ ಶೇ 14 ಅಂದರೆ 1,00,800. 2022ರ ಮಾರ್ಚ್‌ಗೆ ವಯಸ್ಸು 5 ವರ್ಷ 9 ತಿಂಗಳು, ಹಾಗಾಗಿ ಶೇ 69, ಅಂದರೆ 69,552. ಸೆಸ್ 7,651. ಒಟ್ಟು 77,203. ಅಂದು ರಾತ್ರಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ಕರೆಂಟ್ ಬಿಲ್ಲಿನ ಹಿಂಭಾಗದಲ್ಲಿ ನಾವಿಬ್ಬರೂ ಇದನ್ನು ಬರೆದೆವು. ತಮ್ಮ ಮೂರು ಸಲ ಗುಣಿಸಿ ನೋಡಿದ. "ಅಣ್ಣಾ, ಇದನ್ನ ಅಡ್ವಾನ್ಸ್ ಕೊಡೋಕ್ಕಿಂತ ಮೊದಲೇ ಬರೀಬೇಕಿತ್ತು" ಅಂದ. ಆ ಬಿಲ್ಲನ್ನು ನಾನು ಇಟ್ಟುಕೊಂಡಿದ್ದೇನೆ.

ದೊಡ್ಡ ಕಾರಿನಲ್ಲಿ ಪೆಟ್ಟು ಇನ್ನೂ ಜೋರು. ಏಳೂವರೆ ವರ್ಷ ಹಳೆಯ, ಹೊಸದರಲ್ಲಿ 52 ಲಕ್ಷ ಇದ್ದ ಒಂದು ಜರ್ಮನ್ ಕಾರು ಈಗ 16 ಲಕ್ಷಕ್ಕೆ ಸಿಗುತ್ತದೆ ಅಂದುಕೊಳ್ಳಿ. 52 ಲಕ್ಷದ ಶೇ 18 ಅಂದರೆ 9,36,000. ಅದರ ಶೇ 59 ಎಂದರೆ 5,52,240. ಸೆಸ್ ಸೇರಿ 6,12,986. ಹದಿನಾರು ಲಕ್ಷದ ಕಾರಿಗೆ ಆರು ಲಕ್ಷ ತೆರಿಗೆ! ದೆಹಲಿ, ಮುಂಬೈ ಕಡೆಯ ಐಷಾರಾಮಿ ಕಾರುಗಳು ಅಷ್ಟು ಅಗ್ಗಕ್ಕೆ ಕಾಣುವುದು ಯಾಕೆ ಅಂತ ಈಗ ತಿಳಿಯಿತಲ್ವಾ? ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ದಕ್ಷಿಣಕ್ಕೆ ಬರುವ ಗಾಡಿಗಳೂ ಜಾಸ್ತಿಯಾಗಿವೆ. ಅಗ್ಗ ಅನ್ನುವುದು ಟ್ಯಾಕ್ಸ್ ಕಟ್ಟುವ ಮುಂಚಿನ ಮಾತು.

ದರಗಳು ಬಜೆಟ್ ಬಂದಾಗ ಬದಲಾಗುತ್ತವೆ. ಎಲೆಕ್ಟ್ರಿಕ್ ಕಾರುಗಳಿಗೆ ವರ್ಷಗಟ್ಟಲೆ ಪೂರ್ತಿ ವಿನಾಯಿತಿ ಇತ್ತು, 2024ರಲ್ಲಿ 25 ಲಕ್ಷ ದಾಟಿದ ಕಾರಿಗೆ ಶೇ 10 ಹಾಕಿದರು. ಹಾಗಾಗಿ ನಿಮ್ಮ ಲೆಕ್ಕ ಹಾಕಿಕೊಂಡ ಮೇಲೆ ಅದನ್ನು ಹಿಡಿದು ನಿಮ್ಮ ಆರ್‌ಟಿಒದ ಟ್ಯಾಕ್ಸ್ ಕೌಂಟರ್‌ಗೆ ಒಮ್ಮೆ ಹೋಗಿಬನ್ನಿ. ಆರ್‌ಸಿ ನಕಲು, ಇನ್‌ವಾಯ್ಸ್ ನಕಲು ತೋರಿಸಿ ಕೇಳಿ. ಕೊನೆಯ ಅಂಕಿ ಅವರ ಕಂಪ್ಯೂಟರ್ ತೋರಿಸುವುದೇ.

12 ತಿಂಗಳ ಮಾತು ಯಾರಿಗೆ ಅನ್ವಯ?

"ಒಂದು ವರ್ಷ ಬೇರೆ ರಾಜ್ಯದ ಬೋರ್ಡಿನಲ್ಲೇ ಓಡಿಸಬಹುದು, ಆಮೇಲೆ ನೋಡಿಕೊಂಡರಾಯಿತು" ಅಂತ ಮಾರುವವರು ಹೇಳುತ್ತಾರೆ. ಈ ಮಾತಿಗೆ ಒಂದು ಆಧಾರ ಇದೆ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಹೊಸ ನಂಬರ್ ತೆಗೆದುಕೊಳ್ಳಬೇಕು. ಕರ್ನಾಟಕ 2014ರಲ್ಲಿ ಕಾನೂನು ತಿದ್ದಿ 30 ದಿನ ದಾಟಿದರೆ ಜೀವಾವಧಿ ತೆರಿಗೆ ಅಂತ ಮಾಡಿತ್ತು. ಹೈಕೋರ್ಟ್ 2016ರಲ್ಲಿ ಅದನ್ನು ರದ್ದು ಮಾಡಿತು.

ಆದರೆ ಈ ಅನುಕೂಲ ಪುಣೆಯಿಂದ ಕೆಲಸದ ಮೇಲೆ ಬೆಂಗಳೂರಿಗೆ ತನ್ನದೇ ಕಾರು ತಂದವರಿಗೆ. ನೀವು ಕಾರನ್ನು ಕೊಂಡವರು. ನಿಮ್ಮ ವಿಳಾಸ ಕರ್ನಾಟಕದ್ದು. ಆರ್‌ಸಿ ನಿಮ್ಮ ಹೆಸರಿಗೆ ಆಗಬೇಕಾದರೆ ಇಲ್ಲಿಯ ಆರ್‌ಟಿಒಗೇ ಬರಬೇಕು, ಇಲ್ಲಿಯ ತೆರಿಗೆ ಕಟ್ಟಲೇಬೇಕು. ಹೆಸರು ಬದಲಾಯಿಸದೆ ಹಳೆ ಮಾಲೀಕರ ಹೆಸರಲ್ಲೇ ಓಡಿಸುತ್ತ ದಿನ ತಳ್ಳಬೇಡಿ. ಅಪಘಾತವಾದರೆ ಇನ್ಶೂರೆನ್ಸ್ ಕ್ಲೇಮ್‌ಗೂ ಕಷ್ಟ, ಗಾಡಿ ಮಾರಿದವರ ಮನೆಗೂ ಪೊಲೀಸರು ಹೋಗುತ್ತಾರೆ.

ಸಾರಿಗೆ ಇಲಾಖೆ ಹೊರರಾಜ್ಯದ ಕಾರುಗಳನ್ನು ಹಿಡಿಯುವುದೂ ಜಾಸ್ತಿಯಾಗಿದೆ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಓಡುತ್ತಿದ್ದ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ಒಂದೇ ದಿನ ಸುಮಾರು 1 ಕೋಟಿ 42 ಲಕ್ಷ ರೂಪಾಯಿ ಕಟ್ಟಿಸಿಕೊಂಡದ್ದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು.

ಹೆಜ್ಜೆ 5: ಎನ್‌ಒಸಿಯಿಂದ ಹೊಸ ನಂಬರ್‌ವರೆಗೆ

ಮೊದಲ ಕೆಲಸ ಮಾರುವವರದು. ಅವರು ತಮ್ಮ ರಾಜ್ಯದ ಆರ್‌ಟಿಒದಲ್ಲಿ ಫಾರಂ 28 ಹಾಕಿ ಎನ್‌ಒಸಿ ತೆಗೆಯಬೇಕು. ಅಲ್ಲಿ ತೆರಿಗೆ ಬಾಕಿ ಇರಬಾರದು, ದಂಡ ಬಾಕಿ ಇರಬಾರದು. ಕಾರಿನ ಮೇಲೆ ಸಾಲ ಇದ್ದಿದ್ದರೆ ಬ್ಯಾಂಕಿನ ಪತ್ರ ತಂದು ಫಾರಂ 35 ಮೂಲಕ ಬ್ಯಾಂಕಿನ ಹೆಸರು ತೆಗೆಸಿರಬೇಕು. ಇದನ್ನೇ ಎಚ್‌ಪಿ ಕ್ಯಾನ್ಸಲ್ ಅನ್ನುವುದು.

ಎನ್‌ಒಸಿಯಲ್ಲಿ ಯಾವ ಆರ್‌ಟಿಒಗೆ ಅಂತ ಬರೆದಿರುತ್ತದೆ. ಅದು ನಿಮ್ಮ ಮನೆ ವಿಳಾಸಕ್ಕೆ ಸೇರಿದ ಆರ್‌ಟಿಒನೇ ಆಗಿರಬೇಕು. ನೀವಿರುವುದು ಜಯನಗರ ಕಚೇರಿಯ ವ್ಯಾಪ್ತಿಯಲ್ಲಿ, ಎನ್‌ಒಸಿ ಬಂದಿರುವುದು ಇಂದಿರಾನಗರಕ್ಕೆ ಅಂದರೆ ಮತ್ತೆ ಹಿಂದಕ್ಕೆ ಹೋಗಿ ತಿದ್ದಿಸಿ ತರಬೇಕು. ಬೆಂಗಳೂರಿನವರು ಇದರಲ್ಲಿ ತುಂಬ ಸಲ ತಪ್ಪುತ್ತಾರೆ. ಅರ್ಜಿ ಹಾಕುವ ಮುಂಚೆಯೇ ನಿಮ್ಮ ಆರ್‌ಟಿಒದ ಕೆಎ ಸಂಖ್ಯೆಯನ್ನು ಮಾರುವವರಿಗೆ ಬರೆದು ಕಳಿಸಿ.

ಎನ್‌ಒಸಿ ಕೈಗೆ ಬಂದ ಮೇಲೆ ನಿಮ್ಮ ಕೆಲಸ. ಪರಿವಾಹನ್‌ನಲ್ಲಿ ಹೊಸ ನಂಬರಿಗೆ ಫಾರಂ 27, ಜೊತೆಗೆ ಹೆಸರು ಬದಲಾವಣೆಗೆ 29 ಮತ್ತು 30. ಮೂಲ ಆರ್‌ಸಿ, ಎನ್‌ಒಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ವಿಳಾಸದ ದಾಖಲೆ, ಇನ್‌ವಾಯ್ಸ್ ನಕಲು ಬೇಕು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನೂ ಅಂಟಿಸಬೇಕು. ಕಾರು ಕರ್ನಾಟಕಕ್ಕೆ ಯಾವ ದಿನ ಬಂತು ಅನ್ನುವುದಕ್ಕೂ ಒಂದು ಪುರಾವೆ ಇಟ್ಟುಕೊಳ್ಳಿ: ಗಡಿ ದಾಟಿದ ದಿನದ ಫಾಸ್ಟ್ಯಾಗ್ ವಿವರ, ಅಥವಾ ಲಾರಿಯಲ್ಲಿ ತಂದಿದ್ದರೆ ಅದರ ಬಿಲ್ಲು. ತಡವಾಗಿ ಕಟ್ಟಿದ್ದೀರಿ ಅನ್ನುವ ಪ್ರಶ್ನೆ ಬಂದರೆ ನಿಮ್ಮ ಕೈ ಹಿಡಿಯುವುದು ಇದೇ.

ಆಮೇಲೆ ಗಾಡಿಯನ್ನು ತೆಗೆದುಕೊಂಡು ಹೋಗಿ ಬ್ರೇಕ್ ಇನ್‌ಸ್ಪೆಕ್ಟರ್‌ಗೆ ತೋರಿಸಬೇಕು. ಅವರು ಚಾಸಿ ನಂಬರ್, ಇಂಜಿನ್ ನಂಬರ್ ತಾಳೆ ನೋಡುತ್ತಾರೆ. ಚಾಸಿ ನಂಬರ್ ಮೇಲೆ ತುಕ್ಕು, ಮಣ್ಣು ಇದ್ದರೆ ಮನೆಯಲ್ಲೇ ಮೆಲ್ಲಗೆ ಒರೆಸಿಕೊಂಡು ಹೋಗಿ, ಕೆರೆಯಬೇಡಿ. ತೆರಿಗೆಯನ್ನು ಆನ್‌ಲೈನ್‌ನಲ್ಲೇ ಕಟ್ಟಿ. "ನನ್ನ ಕೈಗೆ ಕೊಡಿ, ನಾನು ಕಟ್ಟುತ್ತೇನೆ" ಅನ್ನುವವರಿಗೆ ನಗದು ಕೊಡಬೇಡಿ. ರಸೀದಿಯಲ್ಲಿ ನಿಮ್ಮ ಗಾಡಿ ನಂಬರ್, ಮೊತ್ತ ಸರಿಯಿದೆಯಾ ನೋಡಿಕೊಳ್ಳಿ.

ಹೊಸ ಕೆಎ ನಂಬರ್ ಬಂದ ಮೇಲೆ ಅದಕ್ಕೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಬೇಕು. ಇನ್ಶೂರೆನ್ಸ್‌ನಲ್ಲೂ ಫಾಸ್ಟ್ಯಾಗ್‌ನಲ್ಲೂ ನಂಬರ್ ಬದಲಾಯಿಸಬೇಕು.

ಹೆಜ್ಜೆ 6: ಬೆಲೆ ಮಾತಾಡುವಾಗ ಟ್ಯಾಕ್ಸ್ ಮೇಜಿನ ಮೇಲಿರಲಿ

ಇದನ್ನು ಆರನೆಯದಾಗಿ ಬರೆದಿದ್ದರೂ ದುಡ್ಡು ಕೊಡುವ ಮುಂಚೆ ಮಾಡಬೇಕಾದ ಕೆಲಸ ಇದು. ಹೊರರಾಜ್ಯದ ಕಾರಿನ ಬೆಲೆ, ಟ್ಯಾಕ್ಸ್, ಓಡಾಟದ ಖರ್ಚು ಮೂರೂ ಕೂಡಿಸಿ. ಅದೇ ವರ್ಷದ, ಅದೇ ಮಾದರಿಯ ಕೆಎ ಕಾರಿನ ಬೆಲೆಯ ಪಕ್ಕದಲ್ಲಿ ಇಡಿ. ಕನಿಷ್ಠ ಮೂವತ್ತು ನಲವತ್ತು ಸಾವಿರ ಉಳಿಯದಿದ್ದರೆ ನಾನಾದರೆ ಕೆಎ ಕಾರನ್ನೇ ತೆಗೆದುಕೊಳ್ಳುತ್ತೇನೆ. ಎನ್‌ಒಸಿಗೆ ಕಾಯುವುದು, ರಜೆ ಹಾಕಿ ಆರ್‌ಟಿಒಗೆ ಅಲೆಯುವುದು, ಇವಕ್ಕೂ ಬೆಲೆ ಇದೆ.

ಕೊಳ್ಳುವುದೇ ಎಂದಾದರೆ ಅಡ್ವಾನ್ಸ್ ಸಣ್ಣದಿರಲಿ, ಎನ್‌ಒಸಿ ಕೈಗೆ ಬಂದ ಮೇಲೆ ಪೂರ್ತಿ ದುಡ್ಡು. ಮಾರಾಟದ ಕರಾರಿನಲ್ಲಿ ಈ ಸಾಲುಗಳನ್ನು ಸೇರಿಸಿ:

"ಗಾಡಿಯನ್ನು ವಶಕ್ಕೆ ಕೊಡುವ ದಿನದವರೆಗಿನ ಎಲ್ಲ ತೆರಿಗೆ, ದಂಡ ಮತ್ತು ಸಾಲದ ಬಾಕಿಗೆ ಮಾರುವವರು ಹೊಣೆ. ಕರ್ನಾಟಕದಲ್ಲಿ ಕಟ್ಟಬೇಕಾದ ಜೀವಾವಧಿ ತೆರಿಗೆಯನ್ನು ಕೊಳ್ಳುವವರು ಕಟ್ಟುತ್ತಾರೆ. ಇಂತಿಷ್ಟು ದಿನದೊಳಗೆ ಎನ್‌ಒಸಿ ಕೊಡದಿದ್ದರೆ ಅಡ್ವಾನ್ಸ್ ಹಣವನ್ನು ಪೂರ್ತಿ ಹಿಂದಿರುಗಿಸತಕ್ಕದ್ದು. ಹಳೆಯ ರಾಜ್ಯದಿಂದ ಬರುವ ತೆರಿಗೆ ಮರುಪಾವತಿ ಇಂಥವರಿಗೆ ಸೇರತಕ್ಕದ್ದು."

ಆ ಕೊನೆಯ ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು. ಗಾಡಿ ಬೇರೆ ರಾಜ್ಯಕ್ಕೆ ಹೋದ ಮೇಲೆ, ಉಳಿದ ವರ್ಷಗಳ ಲೆಕ್ಕದಲ್ಲಿ ಹಳೆಯ ರಾಜ್ಯದಿಂದ ಒಂದಿಷ್ಟು ತೆರಿಗೆ ವಾಪಸ್ ಕೇಳಬಹುದು. ಅರ್ಜಿ ಹಾಕುವುದು ಹಳೆಯ ಆರ್‌ಟಿಒದಲ್ಲಿ. ಅಲ್ಲಿ ದಾಖಲೆಯಲ್ಲಿ ಮಾಲೀಕರಾಗಿರುವವರು ಮಾರಿದವರು. ಆದರೆ ಗಾಡಿ ಕರ್ನಾಟಕದಲ್ಲಿ ನೋಂದಣಿ ಆಗಿದೆ, ಇಲ್ಲಿ ತೆರಿಗೆ ಕಟ್ಟಿದೆ ಅನ್ನುವ ದಾಖಲೆ ಇರುವುದು ನಿಮ್ಮ ಹತ್ತಿರ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆಗುವುದಿಲ್ಲ. ತಮ್ಮನ ವಿಷಯದಲ್ಲಿ ನಾವು ಇದನ್ನು ಬರೆದುಕೊಂಡಿರಲಿಲ್ಲ. ಮಾರಿದವರು ಆಮೇಲೆ ಫೋನ್ ಮಾಡಿ ಹೊಸ ಆರ್‌ಸಿ ನಕಲು ಕೇಳಿದಾಗಲೇ ನಮಗೆ ಇಂಥದೊಂದು ದುಡ್ಡು ಇದೆ ಅಂತ ಗೊತ್ತಾಗಿದ್ದು. ನೀವು ಮೊದಲೇ ಮಾತಾಡಿ. ಮರುಪಾವತಿ ಅವರೇ ಇಟ್ಟುಕೊಳ್ಳಲಿ, ಅದರ ಬದಲು ಬೆಲೆಯಲ್ಲಿ ಇಳಿಸಲಿ ಅನ್ನುವುದು ಇಬ್ಬರಿಗೂ ಸುಲಭದ ದಾರಿ. ಈ ಹಣ ಕೈ ಸೇರಲು ತಿಂಗಳುಗಳೇ ಹಿಡಿಯುತ್ತವೆ.

ನಮ್ಮ ಕೆಎ ಕಾರನ್ನು ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವವರಿಗೆ ಮಾರುವಾಗಲೂ ಇದೇ ಹಕ್ಕು ನಿಮಗಿದೆ. ಆಗ ಕೊಂಡವರಿಂದ ಅಲ್ಲಿಯ ಹೊಸ ಆರ್‌ಸಿ ಮತ್ತು ತೆರಿಗೆ ರಸೀದಿಯ ನಕಲು ಕೇಳಲು ಮರೆಯಬೇಡಿ.

ವ್ಯಾಪಾರಿಗಳಿಂದ ಕೊಳ್ಳುವವರಿಗೆ ಒಂದು ಮಾತು. 2023ರ ಏಪ್ರಿಲ್ 1ರಿಂದ ಹಳೆ ಕಾರುಗಳ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆಯಬೇಕು ಅನ್ನುವ ನಿಯಮ ಇದೆ. ಅಂಥ ಪತ್ರ ಇರುವವರು ತಾವೇ ಎನ್‌ಒಸಿ, ಹೆಸರು ಬದಲಾವಣೆಗೆ ಅರ್ಜಿ ಹಾಕಬಹುದು. ಅಂಗಡಿಯಲ್ಲಿ ಆ ಪತ್ರ ತೋರಿಸಿ ಅನ್ನಿ. ಕೇಳುವುದರಲ್ಲಿ ಸಂಕೋಚ ಬೇಡ.

ಬಿಎಚ್ ಸರಣಿಯ ಕಾರು

22 ಬಿಎಚ್ ಹೀಗೆ ಶುರುವಾಗುವ ನಂಬರುಗಳು 2021ರ ಸೆಪ್ಟೆಂಬರ್‌ನಿಂದ ಬಂದವು. ಸರ್ಕಾರಿ ನೌಕರರಿಗೆ, ರಕ್ಷಣಾ ಪಡೆಯವರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯ ನೌಕರರಿಗೆ ಮಾತ್ರ ಇವು ಸಿಗುತ್ತವೆ. ಇವಕ್ಕೆ ಜೀವಾವಧಿ ತೆರಿಗೆ ಇಲ್ಲ. ಎರಡೆರಡು ವರ್ಷಕ್ಕೆ ಕಟ್ಟುತ್ತ ಹೋಗಬೇಕು. ಪೂರ್ತಿ ಅವಧಿಯ ಲೆಕ್ಕದ ದರ 10 ಲಕ್ಷದೊಳಗೆ ಶೇ 8, 20 ಲಕ್ಷದವರೆಗೆ ಶೇ 10, ಅದರ ಮೇಲೆ ಶೇ 12; ಸಲಕ್ಕೆ ಕಟ್ಟುವುದು ಅದರಲ್ಲಿ ಎರಡು ವರ್ಷದ ಪಾಲು. ಡೀಸೆಲ್‌ಗೆ ಶೇ 2 ಹೆಚ್ಚು, ಎಲೆಕ್ಟ್ರಿಕ್‌ಗೆ ಶೇ 2 ಕಡಿಮೆ.

ಇಂಥ ಕಾರು ನೋಡುವಾಗ ಮೊದಲು ತೆರಿಗೆ ಯಾವ ದಿನಾಂಕದವರೆಗೆ ಅಂತ ನೋಡಿ. ಮುಗಿದು ಏಳು ದಿನ ದಾಟಿದರೆ ದಿನಕ್ಕೆ 100 ರೂಪಾಯಿ ದಂಡ. ಆರು ತಿಂಗಳು ಮರೆತಿದ್ದರೆ ಹದಿನೇಳು ಸಾವಿರದ ಮೇಲೆ. ಎರಡನೆಯದು, ನೀವು ಬಿಎಚ್‌ಗೆ ಅರ್ಹರಲ್ಲದಿದ್ದರೂ ಕಾರು ಕೊಳ್ಳಬಹುದು. ಆದರೆ ಅದನ್ನು ಕೆಎ ನಂಬರಿಗೆ ಬದಲಾಯಿಸಿ, ಮೇಲೆ ಹೇಳಿದ ವಯಸ್ಸಿನ ಲೆಕ್ಕದಲ್ಲಿ ಇಲ್ಲಿಯ ಜೀವಾವಧಿ ತೆರಿಗೆ ಕಟ್ಟಬೇಕು. ಅಂದರೆ ಬಿಎಚ್ ಕಾರಿನ ಬೆಲೆಯನ್ನು ಹೊರರಾಜ್ಯದ ಕಾರಿನ ಹಾಗೇ ಮಾತಾಡಬೇಕು. ಬೆಂಗಳೂರಿನಲ್ಲೇ ಓಡಿದ ಕಾರು, ಟ್ಯಾಕ್ಸ್ ಏನಿರುತ್ತೆ ಅಂತ ಸುಮ್ನೆ ಒಪ್ಪಿಕೊಂಡವರನ್ನು ನಾನು ಕಂಡಿದ್ದೇನೆ.

ಹಳದಿ ಬೋರ್ಡು

ಟ್ಯಾಕ್ಸಿಯನ್ನು ಸ್ವಂತಕ್ಕೆ ಕೊಳ್ಳುವುದಾದರೆ ಪರ್ಮಿಟ್ ಒಪ್ಪಿಸಿ, ಬಿಳಿ ಬೋರ್ಡಿಗೆ ಬದಲಾಯಿಸಲು ಆರ್‌ಟಿಒ ಅನುಮತಿ ತೆಗೆದು, ಖಾಸಗಿ ಕಾರಿನ ತೆರಿಗೆ ಕಟ್ಟಬೇಕು. ಹಳೆಯ ತೆರಿಗೆ ಬಾಕಿ ಉಳಿಯುವುದು ಈ ಗಾಡಿಗಳಲ್ಲೇ ಹೆಚ್ಚು. ಬದಲಾವಣೆ ಎಲ್ಲ ಮಾರುವವರೇ ಮುಗಿಸಿ, ಬಿಳಿ ಬೋರ್ಡಿನ ಆರ್‌ಸಿ ತೋರಿಸಿದ ಮೇಲೆ ದುಡ್ಡು ಕೊಡಿ.

ಎಲ್ಲ ಮುಗಿದ ಮೇಲೆ

ಹೊಸ ಆರ್‌ಸಿ ಬಂದ ದಿನ ಎಂಪರಿವಾಹನ್‌ನಲ್ಲಿ ಹೊಸ ನಂಬರ್ ಹಾಕಿ ಟ್ಯಾಕ್ಸ್ ಸಾಲನ್ನು ಇನ್ನೊಮ್ಮೆ ನೋಡಿ. ಎಲ್‌ಟಿಟಿ ಅಂತ ಬಂದಿರಬೇಕು. ಬಂದಿಲ್ಲದಿದ್ದರೆ ರಸೀದಿ ಹಿಡಿದು ಆ ವಾರವೇ ಹೋಗಿ ಸರಿ ಮಾಡಿಸಿ, ವರ್ಷ ಕಳೆದ ಮೇಲೆ ಹೋದರೆ ಹಳೆ ರಸೀದಿ ಹುಡುಕುವುದೇ ಒಂದು ಕೆಲಸ. ತೆರಿಗೆ ರಸೀದಿಯನ್ನು ಮೊಬೈಲಿನಲ್ಲಿ ಒಂದು, ಕಾಗದದಲ್ಲಿ ಒಂದು ಇಟ್ಟುಕೊಳ್ಳಿ. ತಮ್ಮ ಅದರ ನಕಲನ್ನು ಪ್ಲಾಸ್ಟಿಕ್ ಹಾಕಿಸಿ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಇಟ್ಟಿದ್ದಾನೆ. ಹೋದ ವರ್ಷ ಕಾರು ಮಾರಲು ಜನ ನೋಡಲು ಬಂದಾಗ, ಅವರು ಕೇಳುವ ಮುಂಚೆಯೇ ಅದನ್ನು ತೆಗೆದು ಅವರ ಕೈಗಿತ್ತ.